ಬೆಲೆಂನಲ್ಲಿ ಮಾತುಕತೆ, ನಮ್ಮಲ್ಲಿ ಓಟು: ಮುಸೋಡಿಯಿಂದ ಏತಡ್ಕದವರೆಗೆ ಒಂದು ತಿರುಗಾಟ

2025ರ ನವೆಂಬರಿನಲ್ಲಿ ಎರಡು ಸಂಗತಿ ಒಟ್ಟೊಟ್ಟಿಗೆ ಬಂತು. ಬ್ರೆಜಿಲ್ ದೇಶದ ಬೆಲೆಂನಲ್ಲಿ 10ನೇ ತಾರೀಕಿಗೆ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ಶುರುವಾಯ್ತು, ಇದು 30ನೆಯದ್ದು, ಅದಕ್ಕೇ ಕಾಪ್ 30 ಅಂತ ಹೆಸರು, ಕಾಪ್ ಅಂದ್ರೆ ಒಪ್ಪಂದಕ್ಕೆ ಸೇರಿದ ದೇಶಗಳ ಸಭೆ. ಅದೇ 10ನೇ ತಾರೀಕಿಗೆ ಕೇರಳದ ಪಂಚಾಯತ್ ಎಲೆಕ್ಷನ್ ಡಿಕ್ಲೇರ್ ಆಯ್ತು, ನಮ್ಮ ಕಾಸರಗೋಡು ಜಿಲ್ಲೆಗೆ ಡಿಸೆಂಬರ್ 11ಕ್ಕೆ ಓಟು. ಟಿವಿಯಲ್ಲಿ ಬೆಲೆಂ ಸುದ್ದಿ ಅರ್ಧ ನಿಮಿಷ ಬಂದು ಹೋಗ್ತದೆ, ಎಲೆಕ್ಷನ್ ಸುದ್ದಿ ಇಡೀ ದಿನ. ಎರಡಕ್ಕೂ ಸಂಬಂಧ ಉಂಟು ಅಂತ ಯಾರೂ ಹೇಳುದಿಲ್ಲ. ನನಗೆ ಮಾತ್ರ ಅದೇ ತಲೆಯಲ್ಲಿ ಕೊರೀತಾ ಇತ್ತು, ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವರು ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್ ಆಗಿ ರಿಟೈರ್ ಆದವರು, ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ವಿರುದ್ಧದ ಹೋರಾಟದ ಕಾಲದಲ್ಲಿ ಸಹಿ ಸಂಗ್ರಹಕ್ಕೆ ಮನೆಮನೆ ಹತ್ತಿ ಇಳಿದವರು. "ಸುಮ್ನೆ ಯಾಕೆ ಮಾತಾಡುದು, ನಾಲ್ಕು ಕಡೆ ಹೋಗಿ ಜನರನ್ನು ಕೇಳುವ, ಓಟು ಕೇಳ್ಲಿಕ್ಕೆ ಬರುವವರನ್ನೂ ಕೇಳುವ, ನೀನು ಮಂಗಳೂರಿಂದ ಬಾ" ಅಂದ್ರು. ಹಾಗೆ ಹೊರಟದ್ದು.

ನವೆಂಬರ್ 18, ಮಂಗಳವಾರ: ಉಪ್ಪಳ, ಮುಸೋಡಿ

ಮಂಗಳೂರಿಂದ ಕಾಸರಗೋಡು ಬಸ್ಸು. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಹೊಸ ಆರು ಪಥದ ಹೈವೇ ಆದ ಮೇಲೆ ಬಸ್ಸು ಭರ್ರನೆ ಹೋಗ್ತದೆ, ಆದ್ರೆ ರಸ್ತೆಯ ಆಚೆ ಬದಿಯ ಅಂಗಡಿಗೆ ಹೋಗ್ಬೇಕಾದ್ರೆ ಅಂಡರ್‌ಪಾಸ್ ಹುಡುಕಿಕೊಂಡು ಬಿಸಿಲಲ್ಲಿ ನಡೀಬೇಕು. ಚಿಕ್ಕಮ್ಮ ಉಪ್ಪಳದಲ್ಲಿ ಕಾಯ್ತಾ ಇದ್ರು, ಅಲ್ಲಿಂದ ಆಟೋ ಹಿಡಿದು ಮುಸೋಡಿ.

ಮುಸೋಡಿ ಹೆಸರು ಹೊರಗಿನವರಿಗೆ ಗೊತ್ತಾದದ್ದು 2021ರ ಮೇ ತಿಂಗಳಲ್ಲಿ. ತೌಕ್ತೆ ಚಂಡಮಾರುತದ ಹೊತ್ತಿಗೆ ಇಲ್ಲಿ ಕಡಲ ಬದಿಯ ಎರಡು ಮಾಳಿಗೆಯ ಕಟ್ಟಡ ಒಂದು ಕುಸಿದು ಬೀಳುವ ವಿಡಿಯೋ ಎಲ್ಲರ ಮೊಬೈಲಿಗೆ ಬಂದಿತ್ತು. ಈಗ ಆ ಜಾಗದ ಆಚೀಚೆ ಕರಿ ಕಲ್ಲಿನ ರಾಶಿ, ಕಲ್ಲಿನ ಸಂದಿಯಲ್ಲಿ ಹರಿದ ಬಲೆಯ ಚೂರು, ಬುಡದ ಮಣ್ಣು ಹೋಗಿ ಬೇರು ಗಾಳಿಗೆ ನಿಂತ ತೆಂಗಿನ ಮರಗಳು. ಒಂದು ಮರ ಕಡಲಿನ ಕಡೆಗೇ ವಾಲಿದೆ, ಅದರ ಬೇರು ಮುಟ್ಟಿ ನೋಡಿದೆ, ಉಪ್ಪು ಹಿಡಿದು ಬೆಳ್ಳಗಾಗಿದೆ, ಆದ್ರೂ ಮೇಲೆ ಎಳನೀರು ಗೊನೆ ಉಂಟು.

ದೋಣಿಯ ನೆರಳಲ್ಲಿ ಕೂತು ಬಲೆ ಸರಿಮಾಡ್ತಾ ಇದ್ದ ಒಬ್ಬರು ಚಿಕ್ಕಮ್ಮನ ಗುರ್ತ ಹಿಡಿದ್ರು, ಅವರ ಮಗಳು ಚಿಕ್ಕಮ್ಮನ ಶಾಲೆಯಲ್ಲಿ ಕಲಿತದ್ದಂತೆ. "ನಮ್ಮ ಅಜ್ಜನ ಮನೆ ಎಲ್ಲಿತ್ತು ಅಂತ ಮಗಳು ಕೇಳಿದ್ರೆ ನಾನು ನೀರಿಗೆ ಕೈ ತೋರಿಸ್ಬೇಕು ಟೀಚರ್" ಅಂದ್ರು. ಸರ್ಕಾರದ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಸ್ಯಾಟಲೈಟ್ ಚಿತ್ರ ನೋಡಿ ಲೆಕ್ಕ ಹಾಕಿದ ಪ್ರಕಾರ ಕೇರಳದ ಕರಾವಳಿಯಲ್ಲಿ ನೂರಕ್ಕೆ 46ರಷ್ಟು ಭಾಗ ಕೊರೆದು ಹೋಗ್ತಾ ಉಂಟು. ಎಲ್ಲದಕ್ಕೂ ಹವಾಮಾನ ಬದಲಾವಣೆಯೇ ಕಾರಣ ಅಂತ ಹೇಳ್ಲಿಕ್ಕೆ ಆಗುದಿಲ್ಲ, ಬಂದರು, ಕಲ್ಲಿನ ಗೋಡೆ, ಹೊಳೆಯ ಹೊಯ್ಗೆ ತೆಗೆಯುದು ಎಲ್ಲ ಸೇರಿದೆ. ಆದ್ರೆ ಕಡಲು ಬಿಸಿಯಾಗಿ ಏರ್ತಾ ಇರುವುದು, ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಜೋರಾಗ್ತಾ ಇರುವುದು ಅದರ ಮೇಲೆ ಬಿದ್ದ ಪೆಟ್ಟು.

ಮೀನಿನ ಸುದ್ದಿ ಕೇಳಿದೆ. ಬೂತಾಯಿ ಒಂದು ವರ್ಷ ಬರ್ತದೆ ಒಂದು ವರ್ಷ ಮಂಗಮಾಯ, ಬಂದ್ರೂ ಕೆಲವು ಸಲ ಬೆರಳುದ್ದ ಮಾತ್ರ ಅಂದ್ರು. ಅವರ ಮಾತಿಗೆ ಲೆಕ್ಕವೂ ಉಂಟು. ಕೊಚ್ಚಿಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ಪ್ರಕಾರ 2012ರಲ್ಲಿ ಕೇರಳದಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು, 2021ರಲ್ಲಿ ಬರೀ 3,297 ಟನ್.

ಅವರೇ ಕೇಳಿದ್ರು, "ಅಲ್ಲಿ ದೊಡ್ಡ ದೇಶದವರು ನಷ್ಟಕ್ಕೆ ದುಡ್ಡು ಕೊಡ್ತಾರೆ ಅಂತ ಪೇಪರಲ್ಲಿ ಉಂಟಲ್ಲ, ಅದು ನಮಗೆ ಯಾವಾಗ ಬರ್ತದೆ?"

ನಾನು ಗೊತ್ತಿದ್ದಷ್ಟು ಹೇಳಿದೆ. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳು 2020ರ ಒಳಗೆ ವರ್ಷಕ್ಕೆ 10,000 ಕೋಟಿ ಡಾಲರ್ ಬಡ ದೇಶಗಳಿಗೆ ಹೊಂದಿಸಿ ಕೊಡ್ತೇವೆ ಅಂತ ಮಾತು ಕೊಟ್ಟದ್ದು, ಅವರದ್ದೇ ಲೆಕ್ಕದಲ್ಲಿ ಅದು ಮುಟ್ಟಿದ್ದು 2022ಕ್ಕೆ, ಅದರಲ್ಲೂ ಹೆಚ್ಚಿನದ್ದು ಸಾಲ. ನಷ್ಟಕ್ಕೆ ಅಂತಲೇ ಬೇರೆ ಫಂಡ್ ಬೇಕು ಅಂತ ಒಪ್ಪಿಗೆ ಆದದ್ದು 2022ರಲ್ಲಿ, ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ. 2024ರಲ್ಲಿ ಅಜರ್‌ಬೈಜಾನಿನ ಬಾಕುವಿನ ಸಮ್ಮೇಳನದಲ್ಲಿ 2035ರ ಒಳಗೆ ವರ್ಷಕ್ಕೆ 30,000 ಕೋಟಿ ಡಾಲರ್ ಅಂತ ಆಯ್ತು, ಬಡ ದೇಶಗಳು ಕೇಳಿದ್ದು 1.3 ಲಕ್ಷ ಕೋಟಿ ಡಾಲರ್, ಭಾರತದ ಪ್ರತಿನಿಧಿ ಅಲ್ಲೇ ಎದ್ದು ನಿಂತು ಇದು ನಮಗೆ ಒಪ್ಪಿಗೆ ಇಲ್ಲ ಅಂತ ಹೇಳಿದ್ರು. ಹೇಳಿದ್ದು ಸರಿಯೇ. ಒಬ್ಬ ಅಮೆರಿಕದವನ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈ ಆಕ್ಸೈಡ್, ಒಬ್ಬ ಭಾರತೀಯನದ್ದು ಸುಮಾರು 2 ಟನ್, ಈ ಬಲೆ ಹೊಲಿಯುವವರದ್ದು ಅದಕ್ಕಿಂತಲೂ ಎಷ್ಟೋ ಕಮ್ಮಿ ಇರ್ಬಹುದು.

ಚಿಕ್ಕಮ್ಮ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದ್ರು. ಈ ಹತ್ತಿಪ್ಪತ್ತು ವರ್ಷದಲ್ಲಿ ಇಲ್ಲಿ ಎಷ್ಟು ಮನೆ ಹೋಯ್ತು, ಎಷ್ಟು ಸೆಂಟ್ ಜಾಗ ಹೋಯ್ತು, ಎಷ್ಟು ತೆಂಗಿನ ಮರ, ಅಂತ ಒಂದು ಪುಸ್ತಕದಲ್ಲಿ ಯಾರಾದ್ರೂ ಬರೆದಿಟ್ಟಿದ್ದಾರಾ? ಅಲ್ಲಿದ್ದ ಯಾರಿಗೂ ಅಂಥ ಒಂದು ಪುಸ್ತಕ ಗೊತ್ತಿಲ್ಲ. ಪ್ರತಿ ಮಳೆಗಾಲಕ್ಕೆ ವಿಲೇಜ್ ಆಫೀಸಿನವರು ಬಂದು ಬರೀತಾರೆ, ಅದು ಅಲ್ಲಿಗೇ ಆಯ್ತು. ಹೊರದೇಶದಿಂದ ದುಡ್ಡು ಬರ್ಲಿ ಡೆಲ್ಲಿಯಿಂದ ಬರ್ಲಿ ಲೆಕ್ಕ ಇಲ್ಲದ ನಷ್ಟಕ್ಕೆ ಯಾರೂ ಕೊಡುದಿಲ್ಲ. ಹಾಗಾಗಿ ಓಟು ಕೇಳ್ಲಿಕ್ಕೆ ಬರುವವರಿಗೆ ಕೇಳುವ ಮೊದಲನೇ ಪ್ರಶ್ನೆ ಅಲ್ಲೇ ನೋಟ್‌ಬುಕ್ಕಿಗೆ ಬಿತ್ತು: ಹವಾಮಾನದಿಂದ ಆದ ನಷ್ಟದ್ದು ಒಂದು ರಿಜಿಸ್ಟರ್ ಪಂಚಾಯತಿನಲ್ಲಿ ಇಡ್ತೀರಾ?

ನವೆಂಬರ್ 19, ಬುಧವಾರ: ಪೈವಳಿಕೆ, ಪೊಸಡಿಗುಂಪೆ

ಉಪ್ಪಳ ಕೈಕಂಬದಿಂದ ಬಾಯಾರು ಬಸ್ಸು. ಪೈವಳಿಕೆಯಲ್ಲಿ ಇಳಿದು ಚಾ ಕುಡಿದು ಚಿಪ್ಪಾರು ಕಡೆ ಹೋದ್ವಿ. ಪೈವಳಿಕೆ, ಮೀಂಜ, ಚಿಪ್ಪಾರು ಈ ಗ್ರಾಮಗಳಲ್ಲಿ ಹರಡಿದ 250 ಎಕರೆ ಜಾಗದಲ್ಲಿ 50 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಉಂಟು, ಕೇಂದ್ರದ ಸುಮಾರು 280 ಕೋಟಿ ರೂಪಾಯಿಯದ್ದು, 2021ರ ಫೆಬ್ರವರಿಯಲ್ಲಿ ಪ್ರಧಾನಿ ಆನ್‌ಲೈನಲ್ಲಿ ಉದ್ಘಾಟನೆ ಮಾಡಿದ್ದು. ಬೇಲಿಯ ಹೊರಗೆ ನಿಂತು ನೋಡಿದ್ರೆ ಕಣ್ಣು ಹೋಗುವಷ್ಟು ದೂರ ನೀಲಿ ಪ್ಯಾನೆಲ್, ಕೆಳಗೆ ಕೆಂಪು ಮುರಕಲ್ಲಿನ ಪದವು, ಅಂದ್ರೆ ಎತ್ತರದ ಬಯಲು.

ನನಗೆ ನಿಜವಾಗ್ಲೂ ಹೆಮ್ಮೆ ಆಯ್ತು. ಗ್ಲಾಸ್ಗೋದಲ್ಲಿ 2021ರಲ್ಲಿ ಭಾರತ ಹೇಳಿದ 2030ಕ್ಕೆ ಕಲ್ಲಿದ್ದಲು ಎಣ್ಣೆ ಬಿಟ್ಟು ಬೇರೆಯದ್ದರಿಂದ 500 ಗಿಗಾವ್ಯಾಟ್, 2070ಕ್ಕೆ ನೆಟ್ ಜೀರೋ (ಬಿಟ್ಟಷ್ಟು ಹೊಗೆ ಹಿಂದಕ್ಕೆ ಹೀರಿ ಸಮ ಮಾಡುದು) ಅನ್ನುವ ಮಾತು ಕಾಗದದಿಂದ ಇಳಿದು ನಮ್ಮ ಚಿಪ್ಪಾರಿನ ಪದವಿನಲ್ಲಿ ಕೂತಿದೆ. 2015ರ ಪ್ಯಾರಿಸ್ ಹವಾಮಾನ ಒಪ್ಪಂದದ ಹೊತ್ತಿಗೆ 2030ಕ್ಕೆ ಕರೆಂಟ್ ಸ್ಥಾವರಗಳ ಸಾಮರ್ಥ್ಯದಲ್ಲಿ 40 ಪರ್ಸೆಂಟ್ ಕಲ್ಲಿದ್ದಲು ಎಣ್ಣೆ ಬಿಟ್ಟು ಬೇರೆಯದ್ದು ಅಂದಿದ್ರು, 2022ರಲ್ಲಿ ಅದನ್ನು 50 ಮಾಡಿದ್ರು, ಈ ವರ್ಷ ಅಂದ್ರೆ 2025ರಲ್ಲೇ 50 ಮುಟ್ಟಿತು. ಐದು ವರ್ಷ ಮೊದಲೇ ಮುಟ್ಟಿದ ಮಾತು ಅದು, ದೊಡ್ಡ ಸಂಗತಿ. ಆದ್ರೆ ಸಾಮರ್ಥ್ಯ ಬೇರೆ, ದಿನಾ ಮನೆಗೆ ಬರುವ ಕರೆಂಟು ಬೇರೆ, ಅದರಲ್ಲಿ ಈಗಲೂ ನೂರಕ್ಕೆ ಸುಮಾರು 70 ಕಲ್ಲಿದ್ದಲಿಂದಲೇ. ಗಡಿ ದಾಟಿ ಉಡುಪಿ ಕಡೆ ಹೋದ್ರೆ ಎಲ್ಲೂರಿನಲ್ಲಿ 1,200 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಇದೆಯಲ್ಲ.

ಹತ್ತಿರದ ಮನೆಯ ಒಬ್ಬ ಅಕ್ಕ ಸೊಪ್ಪಿನ ಹೊರೆ ಇಳಿಸಿ ನಮ್ಮೊಟ್ಟಿಗೆ ಮಾತಾಡಿದ್ರು. ಮೊದ್ಲು ಈ ಪದವಿನಲ್ಲಿ ದನ ಮೇಯಿಸ್ತಿದ್ದದ್ದು, ಮುಳಿ ಹುಲ್ಲು ಕೊಯ್ದು ತರ್ತಿದ್ದದ್ದು, ಮಳೆಗಾಲದಲ್ಲಿ ಪಾರೆಯ ಹೊಂಡದಲ್ಲಿ ನೀರು ನಿಂತು ನೆಲಕ್ಕೆ ಇಳೀತಿತ್ತು. "ಸೋಲಾರ್ ಬೇಡ ಅಂತ ಹೇಳುದಲ್ಲ ನಾವು, ಕರೆಂಟು ಬೇಕೇ ಬೇಕು. ಆದ್ರೆ ಹೊಸತು ಇನ್ನೊಂದು ಬಂದ್ರೆ ಎಲ್ಲಿ ಹಾಕುದು ಎಷ್ಟು ಹಾಕುದು ಅಂತ ನಮ್ಮನ್ನೂ ಒಮ್ಮೆ ಕೇಳ್ಬೇಕಲ್ಲ, ಕೆಳಗಿನ ಬಾವಿಗೆ ಎಂತ ಆಗ್ತದೆ ಅಂತ ನೋಡ್ಬೇಕಲ್ಲ" ಅಂದ್ರು. ಈ ಮಾತನ್ನು ನಾನು ಹಗುರ ಮಾಡುದಿಲ್ಲ. ಮುರಕಲ್ಲಿನ ಪದವು ನೀರು ಕುಡಿದು ಕೆಳಗಿನ ಕಣಿವೆಗೆ ಬೇಸಿಗೆವರೆಗೂ ಬಿಟ್ಟುಕೊಡುವ ಜಾಗ, ಸರ್ಕಾರಿ ರೆಕಾರ್ಡಿನಲ್ಲಿ ಇದಕ್ಕೆ ಪಾಳುಭೂಮಿ ಅಂತ ಬರೀತಾರೆ. ಮನೆ ಮಾಡಿನ ಮೇಲೆ, ಶಾಲೆ ಮೇಲೆ, ಪಂಚಾಯತ್ ಆಫೀಸ್ ಮೇಲೆ ಮೊದಲು ಪ್ಯಾನೆಲ್ ತುಂಬಿಸಿ ಆಮೇಲೆ ಪದವಿಗೆ ಬಂದ್ರೆ ಯಾರ ತಕರಾರೂ ಇರುದಿಲ್ಲ. ಎರಡನೇ ಪ್ರಶ್ನೆ ಇದೇ ಆಯ್ತು.

ಸಾಯಂಕಾಲ ಪೊಸಡಿಗುಂಪೆ ಹತ್ತಿದ್ದು. ಚಿಕ್ಕಮ್ಮ ನನ್ನಿಂದ ಮುಂದೆ. ಪಡುವಲಿಗೆ ಕಡಲು, ಮೂಡಲಿಗೆ ಘಟ್ಟ, ರೀಲ್ಸ್ ಮಾಡುವ ಹುಡುಗರ ಗೌಜಿ. ರಾತ್ರಿ ಬಾಯಾರಿನಲ್ಲಿ ಸಂಬಂಧಿಕರ ಮನೆ.

ನವೆಂಬರ್ 20, ಗುರುವಾರ: ಬಾಯಾರು, ಪಡ್ರೆ

ಉಳಿದುಕೊಂಡ ಮನೆಯವರಿಗೆ ಸುರಂಗದ ನೀರು. ಗೊತ್ತಿಲ್ಲದವರಿಗೆ ಹೇಳ್ತೇನೆ, ಇಲ್ಲಿ ಸುರಂಗ ಅಂದ್ರೆ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದ ದಾರಿ, ಒಬ್ಬ ಮನುಷ್ಯ ಕಷ್ಟದಲ್ಲಿ ನುಗ್ಗುವಷ್ಟು ಅಗಲ. ಕೊರೆಯುವವರು ಒಳಗೆ ಕ್ಯಾಂಡಲ್ ಹಚ್ಚಿಕೊಂಡು ಹೋಗ್ತಿದ್ರು, ಅದು ನಂದಿದ್ರೆ ಉಸಿರಿಗೆ ಗಾಳಿ ಇಲ್ಲ ಅಂತ ಅರ್ಥ, ಹೊರಗೆ ಓಡಿ ಬರ್ಬೇಕು. ಬೆಳಿಗ್ಗೆ ಮನೆಯ ಯಜಮಾನರೊಟ್ಟಿಗೆ ಬಾಯಿವರೆಗೆ ಹೋದೆ. ಟಾರ್ಚ್ ಹಾಕಿದ್ರೆ ಎರಡೂ ಬದಿಯಲ್ಲಿ ಪಿಕ್ಕಾಸಿನ ಗುರುತು ಈಗಲೂ ಕಾಣ್ತದೆ, ಮೇಲಿಂದ ತೊಟ್ಟು ತೊಟ್ಟು ಬಿದ್ದ ನೀರು ಕಾಲಡಿಯಲ್ಲಿ ಸಣ್ಣ ಸಾಲಾಗಿ ಹೊರಗೆ ಬಂದು ಮೊದ್ಲಿನ ಅಡಿಕೆ ದಂಬೆಯ ಜಾಗಕ್ಕೆ ಈಗ ಹಾಕಿದ ಪಿವಿಸಿ ಪೈಪಿನಲ್ಲಿ ಟಾಂಕಿಗೆ ಹೋಗ್ತದೆ. ಪಂಪ್ ಇಲ್ಲ, ಕರೆಂಟ್ ಬಿಲ್ ಇಲ್ಲ. ಅಜ್ಜನ ಕಾಲದಲ್ಲಿ ಮೇ ಕೊನೆವರೆಗೂ ನೀರು ಬರ್ತಿತ್ತಂತೆ, ಈಗ ಮಾರ್ಚಿಗೇ ನೂಲಿನಷ್ಟು ಆಗ್ತದೆ. ಸುತ್ತ ಬೋರ್‌ವೆಲ್ ಬಂದದ್ದು ಒಂದು ಕಾರಣ, ಮಳೆ ಬರುವ ಕ್ರಮ ತಪ್ಪಿದ್ದು ಇನ್ನೊಂದು.

ಆಮೇಲೆ ಪೆರ್ಮುದೆ, ಧರ್ಮತ್ತಡ್ಕ ದಾರಿಯಾಗಿ ಪೆರ್ಲ, ಅಲ್ಲಿಂದ ಪಡ್ರೆ, ವಾಣಿನಗರ. ನಾನು ಈ ತಿರುಗಾಟಕ್ಕೆ ಹೊರಟದ್ದೇ ಮುಖ್ಯವಾಗಿ ಇಲ್ಲಿಗೆ.

ಎಣ್ಮಕಜೆ ಪಂಚಾಯತಿನ ಈ ಗುಡ್ಡಗಳ ಗೇರು ತೋಟಕ್ಕೆ 1970ರ ದಶಕದ ಕೊನೆಯಿಂದ 2000ದವರೆಗೆ ವರ್ಷ ವರ್ಷ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಬಿಡ್ತಾ ಇದ್ರು. ತೋಟದ ಕೆಳಗೆ ಮನೆ, ಶಾಲೆ, ತೋಡು (ಸಣ್ಣ ಹಳ್ಳ), ಸುರಂಗ ಎಲ್ಲ. ವಾಣಿನಗರದಲ್ಲಿ ಕ್ಲಿನಿಕ್ ಇಟ್ಟಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ಅವರಿಗೆ ಇದೊಂದೇ ಊರಲ್ಲಿ ಇಷ್ಟು ಮಕ್ಕಳಿಗೆ ಯಾಕೆ ಹೀಗೆ ಕಾಯಿಲೆ ಅಂತ ಸಂಶಯ ಬಂತು, ಪತ್ರಕರ್ತ ಶ್ರೀಪಡ್ರೆ ಬರೆದ್ರು, ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ಮೇಲಿಂದ ಸಿಂಪಡಿಸುದಕ್ಕೆ ತಡೆ ತಂದ್ರು. ಒಬ್ಬರು ಡಾಕ್ಟರ್, ಒಬ್ಬರು ಬರೆಯುವವರು, ಒಬ್ಬರು ಕಮ್ಮಿ ಸಂಬಳದ ಸರ್ಕಾರಿ ನೌಕರೆ, ಅಷ್ಟರಿಂದ ಶುರು.

ಅದು ಮುಟ್ಟಿದ್ದು ಎಲ್ಲಿಗೆ ಗೊತ್ತುಂಟಾ? ಜಿನೀವಾಕ್ಕೆ. ಸ್ಟಾಕ್‌ಹೋಮ್ ಒಪ್ಪಂದ ಅಂತ ಒಂದು ಅಂತಾರಾಷ್ಟ್ರೀಯ ಒಪ್ಪಂದ ಉಂಟು, ವರ್ಷಗಟ್ಟಲೆ ಮಣ್ಣಿನಲ್ಲಿ ದೇಹದಲ್ಲಿ ಉಳಿಯುವ ವಿಷಗಳನ್ನು ಜಗತ್ತಿನಿಂದ ತೆಗೆಯುವುದಕ್ಕೆ. ಆ ಒಪ್ಪಂದದ ದೇಶಗಳ ಸಭೆಗೂ ಕಾಪ್ ಅಂತಲೇ ಹೇಳುದು, ಈಗ ಬೆಲೆಂನಲ್ಲಿ ನಡೀತಾ ಇರುವ ಹಾಗೆಯೇ ನೂರಕ್ಕೂ ಹೆಚ್ಚು ದೇಶ ಕೂತು ಒಮ್ಮತಕ್ಕೆ ಬರ್ಲಿಕ್ಕೆ ನೋಡುದು. 2010ರಲ್ಲಿ ಅದರ ತಜ್ಞರ ಸಮಿತಿ ಎಂಡೋಸಲ್ಫಾನ್ ನಿಷೇಧಕ್ಕೆ ಶಿಫಾರಸು ಮಾಡಿದಾಗ ವಿರೋಧ ಮಾಡಿದ್ದು ನಮ್ಮ ದೇಶವೇ. ಇಲ್ಲಿ ಜನ ಸುಮ್ನೆ ಕೂರ್ಲಿಲ್ಲ. 2011ರ ಏಪ್ರಿಲ್ 25ಕ್ಕೆ ಜಿನೀವಾದಲ್ಲಿ ಸಭೆ ಶುರುವಾದ ದಿನ ತಿರುವನಂತಪುರದಲ್ಲಿ ಮುಖ್ಯಮಂತ್ರಿ ವಿ. ಎಸ್. ಅಚ್ಯುತಾನಂದನ್ ಅವರೇ ಉಪವಾಸ ಕೂತ್ರು. ವಾರದ ಕೊನೆಗೆ ಎಂಡೋಸಲ್ಫಾನ್ ನಿಷೇಧದ ಪಟ್ಟಿಗೆ ಬಿತ್ತು, ಕೆಲವು ಬೆಳೆಗೆ ಕೆಲವು ವರ್ಷದ ವಿನಾಯ್ತಿ ಇಟ್ಟುಕೊಂಡು ಭಾರತವೂ ಒಪ್ಪಿತು, ಮೇ 13ಕ್ಕೆ ಸುಪ್ರೀಂ ಕೋರ್ಟ್ ದೇಶದಲ್ಲೇ ನಿಲ್ಲಿಸಿತು.

ಚಿಕ್ಕಮ್ಮ ಆ ದಿನಗಳನ್ನು ಹೇಳುವಾಗ ಸ್ವರ ಏರ್ತದೆ. "ಸಹಿ ಹಾಕ್ಲಿಕ್ಕೆ ಹೇಳಿದ್ರೆ ಎಷ್ಟೋ ಮಂದಿ ಕೇಳಿದ್ದುಂಟು, ನಮ್ಮ ಒಂದು ಸಹಿಯಿಂದ ಡೆಲ್ಲಿಯವರು ಬಗ್ತಾರಾ ಟೀಚರ್ ಅಂತ. ಬಗ್ಗಿದ್ರು. ಆದ್ರೆ ನಮ್ಮ ಎಂಎಲ್‌ಎ ಮೊದ್ಲು ಬಗ್ಬೇಕಿತ್ತು, ಅವ್ರಿಂದ ಮಂತ್ರಿ, ಮಂತ್ರಿಯಿಂದ ಮುಖ್ಯಮಂತ್ರಿ, ಹಾಗೆ ಮೇಲೆ ಹೋದದ್ದು ಅದು" ಅಂತ.

ಗೆದ್ದ ಮೇಲೂ ಮುಗೀಲಿಲ್ಲ, ಇದನ್ನು ಹೇಳದಿದ್ರೆ ಕಥೆ ಅರ್ಧ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಮೂರು ತಿಂಗಳಲ್ಲಿ ಕೊಡಿ ಅಂದಿತು. ಐದು ವರ್ಷ ಕಳೆದು 2022ರ ಮೇಯಲ್ಲಿ ಅದೇ ಕೋರ್ಟ್ ಕೇಳಿದಾಗ ಕೊಟ್ಟದ್ದು ಎಂಟು ಜನಕ್ಕೆ, ಅದೂ ಪುನಃ ಕೋರ್ಟಿಗೆ ಹೋದವರಿಗೆ. ಕೋರ್ಟ್ ಗದರಿದ ಮೇಲೆಯೇ ಉಳಿದವರಿಗೆ ಹಣ ಬರ್ಲಿಕ್ಕೆ ಶುರುವಾದದ್ದು. ಪಡ್ರೆಯಲ್ಲಿ ನಾವು ಹೋದ ಒಂದು ಮನೆಯಲ್ಲಿ ಮೂವತ್ತು ದಾಟಿದ ಮಗನನ್ನು ಅಮ್ಮ ಈಗಲೂ ಎತ್ತಿ ಮೀಯಿಸ್ತಾರೆ. ಅವರ ಬಗ್ಗೆ ಹೆಚ್ಚು ಬರೆಯುದಿಲ್ಲ, ಅವರು ಬರೆಯುದು ಬೇಡ ಅಂದಿದ್ದಾರೆ.

ಇದನ್ನೆಲ್ಲ ಯಾಕೆ ಇಷ್ಟು ಉದ್ದ ಹೇಳಿದ್ದು ಅಂದ್ರೆ, ಹವಾಮಾನದ ಮಾತು ಬಂದ್ರೆ ನಮ್ಮವರು "ಅದೆಲ್ಲ ಅಮೆರಿಕ ಚೀನಾದವರ ವಿಷಯ, ನಾವು ಮಾಡ್ಲಿಕ್ಕೆ ಎಂತ ಉಂಟು" ಅಂತ ಕೈ ತೊಳ್ಕೊಳ್ತಾರೆ. ಕಾಸರಗೋಡಿನವರಿಗೆ ಹಾಗೆ ಹೇಳುವ ಹಕ್ಕೇ ಇಲ್ಲ ಅಂತ ನನ್ನ ಅಭಿಪ್ರಾಯ. ಜಿನೀವಾದ ಒಂದು ಪಟ್ಟಿ ಬದಲಾಗುವಂತೆ ಕೆಳಗಿಂದ ಒತ್ತಿದ ಊರು ಇದು. ಪ್ಯಾರಿಸ್ ಒಪ್ಪಂದ ಸ್ಟಾಕ್‌ಹೋಮ್ ಒಪ್ಪಂದದಷ್ಟೂ ಗಟ್ಟಿ ಇಲ್ಲ, ಪ್ರತಿ ದೇಶ ತನ್ನ ಗುರಿ ತಾನೇ ಬರೆದು ಕೊಡುದು, ಮುಟ್ಟದಿದ್ರೆ ದಂಡ ಇಲ್ಲ. ದಂಡ ಇಲ್ಲದ ಮಾತಿಗೆ ಜನರ ಒತ್ತಾಯವೇ ದಂಡ, ಬೇರೆ ಎಂತದೂ ಇಲ್ಲ. ಕೋರ್ಟುಗಳೂ ಈಗ ಸ್ವಲ್ಪ ಬೆನ್ನಿಗೆ ನಿಂತಿವೆ, 2024ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮದಿಂದ ರಕ್ಷಣೆ ಸಂವಿಧಾನದ 14 ಮತ್ತು 21ನೇ ವಿಧಿಯ ಒಳಗೇ ಬರ್ತದೆ ಅಂದಿದೆ, ಈ ಜುಲೈಯಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ದೇಶಗಳಿಗೆ ಇದರಲ್ಲಿ ಕಾನೂನಿನ ಹೊಣೆ ಉಂಟು ಅಂತ ಅಭಿಪ್ರಾಯ ಕೊಟ್ಟಿದೆ. ಹೇಗ್‌ಗೆ ಆ ವಿಷಯ ತಲುಪಿದ್ದು ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳಿಂದ, ವನುವಾಟು ಅನ್ನುವ ಸಣ್ಣ ದೇಶದಿಂದ.

ರಾತ್ರಿ ಮಲಗುವ ಮೊದಲು ಮೊಬೈಲಿನಲ್ಲಿ ಸುದ್ದಿ, ಬೆಲೆಂ ಸಮ್ಮೇಳನದ ಮಂಟಪಕ್ಕೆ ಬೆಂಕಿ ಬಿದ್ದು ಎಲ್ಲರನ್ನೂ ಹೊರಗೆ ಕಳಿಸಿದ್ರು ಅಂತ. ಜೀವಹಾನಿ ಇಲ್ಲ ಅಂತ ತಿಳಿದ ಮೇಲೆ ನಿದ್ದೆ ಬಂತು.

ನವೆಂಬರ್ 21, ಶುಕ್ರವಾರ: ಬದಿಯಡ್ಕ, ಏತಡ್ಕ

ನಾಮಿನೇಷನ್ ಕೊಡ್ಲಿಕ್ಕೆ ಕೊನೇ ದಿನ. ಬದಿಯಡ್ಕ ಪೇಟೆಯಲ್ಲಿ ಜೀಪು, ಬಾವುಟ, ಕೈ ಮುಗಿಯುವವರು. ಇಬ್ಬರು ಕ್ಯಾಂಡಿಡೇಟುಗಳ ಹತ್ರ ಮಾತಾಡಿದೆವು, ನಾಳೆ ವಾಚನಾಲಯಕ್ಕೆ ಬನ್ನಿ ಅಂತ ಕರೆದ್ವಿ, ಆಗ್ಲಿ ಅಂದ್ರು.

ಅಲ್ಲಿಂದ ಏತಡ್ಕ. ಇಲ್ಲಿನ ತೋಡಿಗೆ ಸಾಲಾಗಿ ಕಟ್ಟ ಕಟ್ಟುವ ಕ್ರಮ ಹಿಂದಿನಿಂದ ಬಂದದ್ದು. ಮಳೆ ಪೂರ್ತಿ ನಿಂತ ಮೇಲೆ, ಡಿಸೆಂಬರ್ ಹೊತ್ತಿಗೆ, ತೋಡಿಗೆ ಅಡ್ಡ ಕಲ್ಲು ಮಣ್ಣಿನ ಗೋಡೆ ಏರಿಸುದು, ನೀರು ಹಿಂದಕ್ಕೆ ನಿಂತು ಆಚೀಚೆ ತೋಟಕ್ಕೆ, ಬಾವಿಗೆ ಇಂಗ್ತದೆ, ಮಳೆಗಾಲಕ್ಕೆ ಅದು ತಾನೇ ಕೊಚ್ಚಿಕೊಂಡು ಹೋಗ್ತದೆ, ಪುನಃ ಮುಂದಿನ ವರ್ಷ ಕಟ್ಟುದು. ಒಂದು ಕಟ್ಟದ ನೀರಿನ ಬಾಲ ಮೇಲಿನ ಕಟ್ಟದ ಬುಡಕ್ಕೆ ಮುಟ್ಟುವ ಹಾಗೆ ಇದ್ರೆ ಇಡೀ ತೋಡು ನೀರು ಹಿಡಿದುಕೊಳ್ತದೆ. ಎರಡೂ ಬದಿಯ ತೋಟದವರು ಖರ್ಚು ಹಂಚಿಕೊಳ್ಬೇಕು, ಒಬ್ಬ ಕೈ ಎತ್ತಿದ್ರೆ ಆಯ್ತು ಕೆಲಸ ಕೆಟ್ಟಿತು.

ಒಬ್ಬರು ಅಡಿಕೆ ಕೃಷಿಕರು ನಮ್ಮನ್ನು ತೋಡಿಗೆ ಇಳಿಸಿ ತೋರಿಸಿದ್ರು. ಕಳೆದ ವರ್ಷದ ಕಟ್ಟದ ಬುಡದ ದೊಡ್ಡ ಕಲ್ಲುಗಳು ಅಲ್ಲೇ ಇವೆ, ಪಾಚಿ ಹಿಡಿದಿವೆ, ಮೇಲಿನ ಸಾಲಿನ ಕಲ್ಲು ಪಕ್ಕದಲ್ಲಿ ರಾಶಿ ಹಾಕಿಟ್ಟಿದ್ದಾರೆ. ಮಧ್ಯೆ ತುಂಬಿಸುವ ಮಣ್ಣು ಯಾವುದು ಆಗ್ಬೇಕು, ಎಷ್ಟು ಮೆಟ್ಟಿ ಗಟ್ಟಿ ಮಾಡ್ಬೇಕು ಅಂತ ಗೊತ್ತಿದ್ದ ಹಳೇ ಕೆಲಸದವರು ಈಗ ಕಮ್ಮಿ, ಹಾಗಾಗಿ ಪ್ಲಾಸ್ಟಿಕ್ ಶೀಟ್ ಹಾಕುದೂ ಉಂಟು. "ಈಗಿನ ತೊಂದರೆ ಎಂತ ಗೊತ್ತುಂಟಾ, ಕಟ್ಟ ಕಟ್ಟಿ ಮುಗಿಸಿ ವಾರ ಆಗುದಿಲ್ಲ, ಯಾವುದೋ ವಾಯುಭಾರ ಕುಸಿತ ಅಂತ ಒಂದು ಮಳೆ ಬಂದು ಪೂರಾ ತೆಕ್ಕೊಂಡು ಹೋಗ್ತದೆ. ಕಾದು ಕೂತ್ರೆ ತೋಡೇ ಬತ್ತುತ್ತದೆ. ಯಾವಾಗ ಕಟ್ಟುದು ಅಂತ ಲೆಕ್ಕವೇ ಸಿಕ್ಕುದಿಲ್ಲ" ಅಂದ್ರು. ಅಡಿಕೆಗೆ ಮದ್ದು ಬಿಡುವ ಲೆಕ್ಕವೂ ಹಾಗೆಯೇ ತಪ್ಪಿದೆ. ಮಳೆ ಹಿಡಿಯುವ ಮೊದಲು ಒಮ್ಮೆ ಬೋರ್ಡೋ ಬಿಡ್ಬೇಕು, ಈ ಸಲ ಮೇ 24ಕ್ಕೇ ಮುಂಗಾರು ಬಂತು, 2009ರ ನಂತರ ಇಷ್ಟು ಬೇಗ ಬಂದದ್ದಿಲ್ಲ, ಮರ ಹತ್ತುವವರು ಸಿಕ್ಕುವ ಮೊದ್ಲೇ ಮಳೆ ಹಿಡ್ಕೊಂಡಿತು. ಕೊಳೆರೋಗ ಬಂದು ಎಳೆ ಅಡಿಕೆ ಬುಡದಲ್ಲಿ ಹಾಸಿ ಬಿದ್ದದ್ದು ಅವರು ಫೋನಿನಲ್ಲಿ ಫೋಟೋ ತೆಗೆದಿಟ್ಟಿದ್ದಾರೆ, ಒಂದೊಂದೇ ತೋರಿಸಿದ್ರು, ಬಿಳಿ ಬೂಷ್ಟು ಹಿಡಿದ ಹಸಿರು ಕಾಯಿ.

ಅಂತಾರಾಷ್ಟ್ರೀಯ ಭಾಷೆಯಲ್ಲಿ ಇದಕ್ಕೆ ಅಡಾಪ್ಟೇಷನ್ ಅಂತ ಹೇಳ್ತಾರೆ, ಬಂದ ಬದಲಾವಣೆಗೆ ಹೊಂದಿಕೊಂಡು ಬದುಕುದು. ಹಣದ ಮಾತು ಬಂದಾಗ ಹೊಗೆ ಕಮ್ಮಿ ಮಾಡುವ ಯೋಜನೆಗೆ, ಸೋಲಾರ್ ವಿಂಡ್‌ಗೆ ಜಾಸ್ತಿ ಹೋಗ್ತದೆ, ಅಡಾಪ್ಟೇಷನ್‌ಗೆ ಕಮ್ಮಿ, ಯಾಕಂದ್ರೆ ಕಟ್ಟಕ್ಕೆ ಹಾಕಿದ ಹಣದಿಂದ ಇನ್ವೆಸ್ಟರಿಗೆ ಲಾಭ ಬರುದಿಲ್ಲ. ಹಾಗಾದ್ರೆ ಇಲ್ಲಿ ಯಾರು ಹಾಕ್ಬೇಕು? ಪಂಚಾಯತೇ. 1996ರ ಜನಕೀಯ ಯೋಜನೆಯಿಂದ ಕೇರಳದ ಪಂಚಾಯತುಗಳಿಗೆ ಸ್ವಂತ ಪ್ಲಾನ್ ಮಾಡುವ ಅಧಿಕಾರ, ಫಂಡು ಎರಡೂ ಉಂಟು, ಬೇರೆ ರಾಜ್ಯದವರಿಗೆ ಕೇಳಿದ್ರೆ ಹೊಟ್ಟೆಕಿಚ್ಚು ಪಡುವಷ್ಟು. ವಯನಾಡಿನ ಮೀನಂಗಾಡಿ ಪಂಚಾಯತ್ ಕಾರ್ಬನ್ ನ್ಯೂಟ್ರಲ್ (ನೆಟ್ ಜೀರೋದ ಹಾಗೆಯೇ) ಆಗ್ತೇವೆ ಅಂತ 2016ರಲ್ಲೇ ಕೆಲಸ ಶುರು ಮಾಡಿದೆ. ಅದೇ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ 2024ರ ಜುಲೈ 30ಕ್ಕೆ ಗುಡ್ಡ ಕುಸಿದು ಎಂತ ಆಯ್ತು ಅಂತ ಎಲ್ಲರಿಗೂ ನೆನಪುಂಟು, ಆ ಮಳೆ ಹವಾಮಾನ ಬದಲಾವಣೆಯಿಂದಾಗಿ ಸುಮಾರು 10 ಪರ್ಸೆಂಟ್ ಹೆಚ್ಚು ಜೋರಾಗಿತ್ತು ಅಂತ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಕೇರಳ ಸರ್ಕಾರದ ಗುರಿ 2050ಕ್ಕೆ ಕಾರ್ಬನ್ ನ್ಯೂಟ್ರಲ್. ಅದು ಸೆಕ್ರೆಟೇರಿಯಟ್ಟಿನ ಫೈಲಿನಲ್ಲಿ ಇದ್ರೆ ಸಾಲದು, ಕಟ್ಟದ ಕಲ್ಲಿನವರೆಗೂ ಬರ್ಬೇಕು.

ನವೆಂಬರ್ 22, ಶನಿವಾರ: ವಾಚನಾಲಯ

ನೀರ್ಚಾಲು ಹತ್ರದ ಒಂದು ವಾಚನಾಲಯದಲ್ಲಿ ಸಭೆ. ಕುಟುಂಬಶ್ರೀ ಮಹಿಳಾ ಸಂಘದ ಅಕ್ಕಂದಿರು, ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಇಬ್ಬರು ಯೂನಿಫಾರಂನಲ್ಲೇ, ಕಾಲೇಜಿನ ಮಕ್ಕಳು, ತೋಟದವರು, ಮೂರು ಪಕ್ಷದ ಕ್ಯಾಂಡಿಡೇಟುಗಳು. ಹಿಂದಿನ ರಾತ್ರಿ ನಾನು, ಚಿಕ್ಕಮ್ಮ ಕೂತು ಪ್ರಶ್ನೆಗಳನ್ನು ಕನ್ನಡದಲ್ಲಿ, ಮಲಯಾಳದಲ್ಲಿ ಒಂದು ಹಾಳೆಗೆ ಬರೆದು ಜೆರಾಕ್ಸ್ ಮಾಡಿಸಿದ್ವಿ. ನಷ್ಟದ ರಿಜಿಸ್ಟರ್, ಮಾಡಿನ ಮೇಲೆ ಸೋಲಾರ್, ಪದವಿನ ಬಗ್ಗೆ ಗ್ರಾಮಸಭೆಯ ಒಪ್ಪಿಗೆ, ಕಟ್ಟಕ್ಕೆ ಪ್ಲಾನ್ ಫಂಡಿನಿಂದ ಪಾಲು, ಸುರಂಗದ ಹತ್ರ ಬೋರ್‌ವೆಲ್‌ಗೆ ಮತ್ತು ಗುಡ್ಡದ ನೆತ್ತಿಯ ಕೆಂಪುಕಲ್ಲಿನ ಕೋರೆಗೆ ಕಡಿವಾಣ. ಕೆಳಗೆ ಸಹಿ ಹಾಕ್ಲಿಕ್ಕೆ ಜಾಗ.

ಚರ್ಚೆ ಜೋರಾಯ್ತು. ಒಬ್ಬ ಕಾಲೇಜು ಹುಡುಗ ಎದ್ದು, ವಿಶ್ವಸಂಸ್ಥೆಯ ಪರಿಸರ ಸಂಸ್ಥೆ ಈ ತಿಂಗಳು ಹೇಳಿದ ಲೆಕ್ಕ ಓದಿದ, ಎಲ್ಲ ದೇಶಗಳು ಈಗ ಬರೆದುಕೊಟ್ಟ ಮಾತು ಪೂರ್ತಿ ಉಳಿಸಿಕೊಂಡ್ರೂ ಈ ಶತಮಾನದ ಕೊನೆಗೆ ಬಿಸಿ ಕಾರ್ಖಾನೆಗಳು ಬರುವ ಮೊದಲಿನ ಕಾಲಕ್ಕಿಂತ 2.3ರಿಂದ 2.5 ಡಿಗ್ರಿ ಏರ್ತದೆ, ಈಗಿನ ಹಾಗೇ ಹೋದ್ರೆ 2.8. ಪ್ಯಾರಿಸ್‌ನಲ್ಲಿ ಹೇಳಿದ್ದು 1.5ಕ್ಕೆ ನಿಲ್ಲಿಸ್ಲಿಕ್ಕೆ ಪ್ರಯತ್ನ ಮಾಡ್ತೇವೆ ಅಂತ. ಎಲ್ಲರೂ ಒಂದು ಗಳಿಗೆ ಮಾತಾಡ್ಲಿಲ್ಲ. ಒಬ್ಬರು ಅಕ್ಕ ಕೇಳಿದ್ರು, ಹಾಗಾದ್ರೆ ಭಾರತದ್ದು ಹೊಸ ಮಾತು ಎಂತ ಅಂತ. 2035ರ ಗುರಿಪಟ್ಟಿ ಆ ದಿನದವರೆಗೆ ಸಲ್ಲಿಸಿರಲಿಲ್ಲ, ಹಾಗೇ ಹೇಳ್ಬೇಕಾಯ್ತು. ನನಗೆ ಅದು ಬೇಸರದ ಸಂಗತಿ. ಬಾಕುವಿನಲ್ಲಿ ಅಷ್ಟು ಗಟ್ಟಿಯಾಗಿ ನ್ಯಾಯ ಕೇಳಿದ ದೇಶ ತನ್ನ ಹಾಳೆಯನ್ನೂ ಹೊತ್ತಿಗೆ ಸರಿಯಾಗಿ ಮೇಜಿನ ಮೇಲೆ ಇಟ್ರೆ ಕೇಳುವ ಬಾಯಿಗೆ ಇನ್ನೂ ಬಲ ಬರ್ತದೆ.

ಇಬ್ಬರು ಕ್ಯಾಂಡಿಡೇಟುಗಳು ಓದಿ ಸಹಿ ಹಾಕಿದ್ರು. ಮೂರನೆಯವರು ಕೋರೆಯ ಸಾಲಿಗೆ ಬಂದು ನಿಂತ್ರು. "ನಾನು ಸುಳ್ಳು ಸಹಿ ಹಾಕುದಿಲ್ಲ. ಈ ವಾರ್ಡಿನಲ್ಲಿ ಎಷ್ಟು ಮನೆಯ ಗಂಡಸರು ಕೋರೆಯಲ್ಲಿ ಕಲ್ಲು ಕಡಿಯುದು, ಲೋಡು ಮಾಡುದು ಗೊತ್ತುಂಟಾ ಟೀಚರ್? ಕೋರೆ ನಿಲ್ಲಿಸಿದ ಮಾರನೇ ದಿನ ಅವರಿಗೆ ಎಂತ ಕೊಡುದು? ಅದನ್ನು ನಿಮ್ಮ ಹಾಳೆಯಲ್ಲಿ ಬರೀರಿ" ಅಂದ್ರು. ಸಭೆಯಲ್ಲಿ ಗುಸುಗುಸು ಆಯ್ತು, ಕೆಲವರಿಗೆ ಸಿಟ್ಟು ಬಂತು. ನನಗೆ ಅವರ ಬಗ್ಗೆ ಗೌರವ ಜಾಸ್ತಿಯೇ ಆಯ್ತು. ಕಲ್ಲಿದ್ದಲು ಗಣಿಯ ಕೆಲಸದವರ ಬಗ್ಗೆ ಜಾರ್ಖಂಡ್ ಕೇಳುದು ಇದನ್ನೇ, ಬೆಲೆಂನಲ್ಲಿ ಕೂತವರು ವರ್ಷಗಟ್ಟಲೆ ಜಗಳ ಮಾಡುದೂ ಇದಕ್ಕೇ.

ನವೆಂಬರ್ 23, ಭಾನುವಾರ

ಬೆಳಿಗ್ಗೆ ಎದ್ದು ನೋಡುವಾಗ ಬೆಲೆಂನ ಸುದ್ದಿ ಬಂದಿತ್ತು, ಒಂದು ದಿನ ತಡವಾಗಿ ರಾತ್ರಿ ಮುಗಿದಿದೆ. ಅಡಾಪ್ಟೇಷನ್‌ಗೆ ಹಣ 2035ರ ಒಳಗೆ ಮೂರು ಪಟ್ಟು ಮಾಡುವ ಕರೆ ಉಂಟು. ಕೆಲಸ ಕಳಕೊಳ್ಳುವವರಿಗೆ ನ್ಯಾಯ ಸಿಗುವ ಹಾಗೆ ಬದಲಾವಣೆ ಮಾಡ್ಲಿಕ್ಕೆ ಒಂದು ವ್ಯವಸ್ಥೆ ಕಟ್ಟುವ ತೀರ್ಮಾನ ಉಂಟು. ಕಲ್ಲಿದ್ದಲು, ಪೆಟ್ರೋಲ್, ಗ್ಯಾಸು ಬಿಡುವ ದಾರಿ ಹೇಗೆ ಅಂತ ಒಂದು ನಕ್ಷೆ ಬೇಕು ಅಂತ 80ಕ್ಕೂ ಹೆಚ್ಚು ದೇಶ ಕೇಳಿದ್ರೂ ಅಂತಿಮ ಪಠ್ಯದಲ್ಲಿ ಅದರ ಹೆಸರೇ ಇಲ್ಲ, ಎರಡು ವರ್ಷ ಮೊದಲು ದುಬೈಯಲ್ಲಿ ಇವುಗಳಿಂದ ದೂರ ಸರಿಯುವ ಅಂತ ಒಪ್ಪಿಕೊಂಡಷ್ಟನ್ನೂ ಪುನಃ ಬರೀಲಿಲ್ಲ. ಅಮೆರಿಕದ ಸರ್ಕಾರ ಪ್ರತಿನಿಧಿಗಳನ್ನೇ ಕಳಿಸಿಲ್ಲ. ಕೊಲಂಬಿಯಾ, ನೆದರ್‌ಲ್ಯಾಂಡ್ಸ್ ಸೇರಿ 2026ರ ಏಪ್ರಿಲಿಗೆ ಕೊಲಂಬಿಯಾದ ಸಾಂತಾ ಮಾರ್ತಾ ಅನ್ನುವಲ್ಲಿ ಬೇರೆ ಸಭೆ ಕರೀತಾರೆ ಅಂತ ಸುದ್ದಿ ಇತ್ತು.

ಚಿಕ್ಕಮ್ಮ ಪೂರ್ತಿ ಕೇಳಿ, "ಸರಿ, ಮೂರು ಪಟ್ಟು ಅಂತ ಬರೆದಿದ್ದಾರಲ್ಲ, ಅದರ ಪ್ರಿಂಟ್ ತೆಗೆ" ಅಂದ್ರು. ಆಮೇಲೆ ನಾವಿಬ್ಬರೂ ನಿನ್ನೆಯ ಮೂರನೇ ಕ್ಯಾಂಡಿಡೇಟಿನ ಮನೆಗೆ ಹೋದ್ವಿ. ಕೋರೆಯ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೆವು: ಕೋರೆ ಕಮ್ಮಿ ಮಾಡುವ ಮೊದಲು ಅಲ್ಲಿ ದುಡಿಯುವವರ ಪಟ್ಟಿ ಮಾಡಿ, ಕಟ್ಟ ಕಟ್ಟುವ, ಸುರಂಗ, ಮದಕ (ಕೆರೆ) ಸರಿಮಾಡುವ ಕೆಲಸಕ್ಕೆ ಪಂಚಾಯತ್ ಅವರನ್ನೇ ಮೊದಲು ಕರೀಬೇಕು, ಕೂಲಿ ಕಮ್ಮಿ ಆಗ್ಬಾರ್ದು. ಕಲ್ಲು ಕಡಿಯುವ ಕೈಗೆ ಕಲ್ಲು ಕಟ್ಟುದು ಕಷ್ಟ ಅಲ್ಲ ಅಂತ ಏತಡ್ಕದವರೇ ಹೇಳಿದ್ದು. ಅವರು ಎರಡು ಸಲ ಓದಿದ್ರು, ಮಗನನ್ನು ಕರೆದು ಮಲಯಾಳದ್ದನ್ನೂ ಓದಿಸಿದ್ರು, "ಕೂಲಿ ಕಮ್ಮಿ ಆಗ್ಬಾರ್ದು" ಅನ್ನುವಲ್ಲಿ ಪೆನ್ನಿನಿಂದ ಅಡಿಗೆರೆ ಎಳೆದು ಸಹಿ ಹಾಕಿದ್ರು. ಉಳಿದ ಇಬ್ಬರಿಂದಲೂ ಆ ಹೊಸ ಸಾಲಿಗೆ ಪುನಃ ಸಹಿ ತೆಕ್ಕೊಂಡಾಯ್ತು.

ಹಾಳೆಗಳು ಈಗ ವಾಚನಾಲಯದ ಕಪಾಟಿನಲ್ಲಿವೆ, ಒಂದು ಕಾಪಿ ನನ್ನ ಹತ್ರ, ಒಂದು ಚಿಕ್ಕಮ್ಮನ ಹತ್ರ. ಕೇರಳದ ಕಾನೂನಿನಲ್ಲಿ ಗ್ರಾಮಸಭೆ ಮೂರು ತಿಂಗಳಿಗೊಮ್ಮೆ ಆದ್ರೂ ಸೇರ್ಲೇಬೇಕು. ಗೆದ್ದವರು ಯಾರೇ ಆಗ್ಲಿ, ಹೊಸ ಮೆಂಬರಿನ ಮೊದಲ ಗ್ರಾಮಸಭೆಗೆ ಈ ಹಾಳೆ ಅಜೆಂಡಾಕ್ಕೆ ಬರುವ ಹಾಗೆ ಕುಟುಂಬಶ್ರೀಯವರು ಮೊದಲೇ ಅರ್ಜಿ ಕೊಡ್ತಾರೆ, ಬರೆಯುವ ಕೆಲಸ ಆ ಕಾಲೇಜು ಹುಡುಗ ವಹಿಸಿಕೊಂಡಿದ್ದಾನೆ. ಮುಸೋಡಿಯವರಿಗೂ ಒಂದು ಕಟ್ಟು ಜೆರಾಕ್ಸ್ ಬಸ್ಸಿನಲ್ಲಿ ಕಳಿಸಿದ್ದೇವೆ, ರಿಜಿಸ್ಟರಿಗೆ ಹೆಸರು ಬರೆಯುವುದನ್ನು ಅವರು ಎಲೆಕ್ಷನ್ನಿಗೆ ಕಾಯದೆ ಶುರು ಮಾಡ್ತಾರಂತೆ.